ಚೀಟಿಗಳ ಚೀಲ

ನಮ್ಮಮ್ಮನ ಹತ್ತಿರ ಒಂದು ಬಟ್ಟೆ ಚೀಲವಿತ್ತು. ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿಕೊಟ್ಟ ಹಳದಿ ಚೀಲ. ವಧೂವರರ ಹೆಸರು ಒಗೆದೂ ಒಗೆದೂ ಅಳಿಸಿಹೋಗಿ ಕೊನೆಗೆ ‘ವಂದನೆಗಳು’ ಎಂಬುದಷ್ಟೇ ಉಳಿದಿತ್ತು. ಅದನ್ನು ಅವಳು ದೇವರ ಗೂಡಿನಲ್ಲಿ, ಪಟಗಳ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ತುರುಕಿಡುತ್ತಿದ್ದಳು. ಅದರೊಳಗೆ ಇದ್ದದ್ದು ನನ್ನ ತಮ್ಮನ ಆಸ್ಪತ್ರೆಯ ಚೀಟಿಗಳು.

ತಮ್ಮನಿಗೆ ಕಾಯಿಲೆ ಕಾಣಿಸಿಕೊಂಡದ್ದು 1998ರಲ್ಲಿ. ಆಗವನಿಗೆ ಇಪ್ಪತ್ತೆರಡು ವರ್ಷ. ಯಾರೂ ಇಲ್ಲದ ಕಡೆ ಯಾರೋ ಕರೆದ ಹಾಗೆ ಓಗೊಡುವುದು, ಬಡಿಸಿದ ತಟ್ಟೆಯನ್ನು ಮೂಸಿ ನೋಡಿ ದೂರ ತಳ್ಳುವುದು, ರಾತ್ರಿಯೆಲ್ಲ ಅಂಗಳದಲ್ಲಿ ತಿರುಗುವುದು. ಮೊದಲು ತಾಯಿತ ಕಟ್ಟಿಸಿದೆವು, ಹರಕೆ ಹೊತ್ತೆವು. ಆಮೇಲೆ ಯಾರೋ ಪುಣ್ಯಾತ್ಮರು ನಿಮ್ಹಾನ್ಸಿಗೆ ಕರೆದುಕೊಂಡು ಹೋಗಿ ಎಂದರು. ಅಂದಿನಿಂದ ಹತ್ತು ವರ್ಷ, ತಿಂಗಳಿಗೊಮ್ಮೆ, ಅಮ್ಮ ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಹತ್ತಿಸಿಕೊಂಡು ದೊಡ್ಡಬಳ್ಳಾಪುರದಿಂದ ಯಲಹಂಕದ ಮೇಲೆ ಮೆಜೆಸ್ಟಿಕ್ಕಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಬೀದಿಯವರು ಕೇಳಿದರೆ, “ಘಾಟಿಗೆ ಹೋಗಿದ್ವಿ, ಸುಬ್ರಹ್ಮಣ್ಯನ ಹರಕೆ ಇತ್ತು” ಎನ್ನುತ್ತಿದ್ದಳು. ಒಮ್ಮೆ ಎದುರು ಮನೆಯಾಕೆ, “ಅದೇನು ಘಾಟಿಗೆ ಹೋದವರು ಪ್ರಸಾದಾನೇ ತರಲ್ವಲ್ಲ” ಎಂದು ನಕ್ಕಳಂತೆ. ಮುಂದಿನ ತಿಂಗಳಿನಿಂದ ಅಮ್ಮ ಮೆಜೆಸ್ಟಿಕ್ಕಿನಲ್ಲಿ ಕಡ್ಲೆಪುರಿ, ಕಲ್ಲುಸಕ್ಕರೆ ಕೊಂಡುತಂದು ಪ್ರಸಾದವೆಂದು ಮನೆ ಮನೆಗೆ ಹಂಚತೊಡಗಿದಳು. ನಾವದಕ್ಕೆ ನಗುತ್ತಿದ್ದೆವು. ನಗು ಬರುವಂಥದೇ ಅದು.

ಮಾತ್ರೆ ನುಂಗಿದ ತಮ್ಮ ಮನುಷ್ಯನಾಗಿದ್ದ ಎಂದು ಬರೆಯಹೊರಟೆ, ತಪ್ಪು. ಅವನು ಯಾವಾಗಲೂ ಮನುಷ್ಯನೇ. ಮಾತ್ರೆ ನುಂಗಿದಾಗ ಮಗ್ಗದ ಮುಂದೆ ನಿಲ್ಲಬಲ್ಲವನಾಗಿದ್ದ ಎನ್ನಬೇಕು. ನಮ್ಮೂರಿನಲ್ಲಿ ಪವರ್‌ಲೂಮಿನ ಸದ್ದಿಲ್ಲದ ಬೀದಿ ಹುಡುಕಬೇಕು. ಹತ್ತಿರದ ಒಂದು ಶೆಡ್ಡಿನಲ್ಲಿ ಅವನು ವರ್ಷಾನುಗಟ್ಟಲೆ ರೇಷ್ಮೆ ಸೀರೆ ನೇಯ್ದ. ಆ ಮಗ್ಗಗಳ ಅಬ್ಬರದಲ್ಲಿ ತನ್ನನ್ನು ಕರೆಯುವವರ ದನಿ ಕೇಳಿಸುವುದಿಲ್ಲ, ಅದಕ್ಕೇ ಅಲ್ಲಿ ಸುಖ ಎಂದು ನನಗೊಬ್ಬಳಿಗೇ ಹೇಳಿದ್ದ.

2008ರಲ್ಲಿ ಅಮ್ಮ ತೀರಿಕೊಂಡಳು. ತಮ್ಮ ನನ್ನ ಮನೆಗೆ ಬಂದ, ಅವನ ಹಿಂದೆಯೇ ಆ ಚೀಲವೂ ಬಂತು. ಮರುವರ್ಷ ನನ್ನ ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಗಂಡಿನ ಕಡೆಯವರು ಮನೆ ನೋಡಲು ಬರುವ ಹಿಂದಿನ ದಿನ ದೇವರ ಗೂಡು ಗುಡಿಸುತ್ತಿದ್ದೆ. ಚೀಲ ಕೈಗೆ ಬಂತು. ಹೆಂಗಸರು ದೇವರ ಮನೆಗೆ ಬರುತ್ತಾರೆ, ಪಟ ಸರಿಸುತ್ತಾರೆ, ಒಂದು ಚೀಟಿ ಕೆಳಗೆ ಬಿದ್ದರೆ ಸಾಕು. ಮುಂದೇನೂ ಯೋಚಿಸಲಿಲ್ಲ. ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಹಾಕಿದೆ. ಹತ್ತು ವರ್ಷದ ಚೀಟಿಗಳು ಒಂದು ಹಂಡೆ ನೀರು ಕಾಯುವಷ್ಟರಲ್ಲಿ ಉರಿದು ಹೋದವು. ಮದುವೆ ಚೆನ್ನಾಗಿಯೇ ಆಯಿತು. ತಮ್ಮ ಹೊಸ ಷರಟು ತೊಟ್ಟು ಪಾನಕ ಹಂಚಿದ.

ಚೀಟಿಯಿಲ್ಲದೆ ಆಸ್ಪತ್ರೆಗೆ ಹೋಗುವುದು ಹೇಗೆ ಎಂಬ ನೆವ ನನಗೆ ಸಿಕ್ಕಿತು. “ಈಗ ಚೆನ್ನಾಗಿದೀನಲ್ಲಕ್ಕ” ಎಂಬ ನೆವ ಅವನಿಗೆ. ಮಾತ್ರೆ ತಿಂಗಳು ಬಿಟ್ಟು ತಿಂಗಳಾಗಿ, ಆಮೇಲೆ ನಿಂತೇ ಹೋಯಿತು. ಎರಡು ಮೂರು ವರ್ಷ ಏನೂ ಆಗಲಿಲ್ಲ.

2012ರ ನವೆಂಬರಿನ ಒಂದು ಮಧ್ಯಾಹ್ನ ಶಾಲೆಗೆ ಹುಡುಗನೊಬ್ಬ ಓಡಿ ಬಂದ. ನಾನಾಗ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ತಮ್ಮ ಮಗ್ಗದ ಮೇಲಿದ್ದ ವಾರ್ಪನ್ನು ಬ್ಲೇಡಿನಿಂದ ಕೊಯ್ದುಹಾಕಿದ್ದ. ತಡೆಯಲು ಬಂದ ಮಾಲೀಕರ ಬಲಗೈ ಮೇಲೆ ಕಬ್ಬಿಣದ ಸರಳಿನಿಂದ ಹೊಡೆದಿದ್ದ. ಮುಂಗೈ ಮೂಳೆ ಮುರಿದಿತ್ತು. ತನ್ನ ಟೀಯಲ್ಲಿ ಅವರು ನೂಲಿನ ಬಣ್ಣ ಕಲೆಸುತ್ತಿದ್ದಾರೆಂದು ಅವನಿಗೆ ವಾರದಿಂದ ಅನ್ನಿಸಿತ್ತಂತೆ.

ಠಾಣೆಯಲ್ಲಿ ಸಂಬಂಧಿಕರು, ಬೀದಿಯವರು, ಶೆಡ್ಡಿನವರು ಎಲ್ಲ ನೆರೆದಿದ್ದರು. ವಯಸ್ಸಾದ ಒಬ್ಬ ಪೇದೆ ಬಹಳ ಮೆತ್ತಗೆ ಕೇಳಿದರು: “ಏನಮ್ಮಾ, ಈತನಿಗೆ ಮೊದಲಿಂದ ಏನಾದ್ರೂ ತೊಂದರೆ ಇತ್ತಾ? ಎಲ್ಲಾದ್ರೂ ತೋರಿಸ್ತಿದ್ರಾ?” ಆ ಗುಂಪಿನಲ್ಲಿ ನನ್ನ ಅಳಿಯನ ಚಿಕ್ಕಪ್ಪನೂ ಇದ್ದರು. ನಾನೆಂದೆ: “ಇಲ್ಲ ಸಾರ್. ಚೆನ್ನಾಗೇ ಇದ್ದ.” ಅದನ್ನು ಬರೆದುಕೊಂಡರು.

ಹೀಗೆ ಕಾಗದ ಸುಟ್ಟವಳೂ ನಾನೇ, ಇಲ್ಲ ಎಂದವಳೂ ನಾನೇ. ಅವನನ್ನು ಜೈಲಿಗೆ ಕಳಿಸಿದರು. ಭಾರತ ದಂಡ ಸಂಹಿತೆಯ 326ನೆಯ ಕಲಂ. ಆಯುಧದಿಂದ ಘೋರ ಗಾಯ ಮಾಡಿದ್ದು. ಠಾಣೆಯಲ್ಲೇ ಜಾಮೀನು ಸಿಗುವ ಕಲಂ ಅಲ್ಲ.

ಮೊದಲು ಹಿಡಿದ ವಕೀಲರು ನಾಲ್ಕು ವಾಯಿದೆಗೆ ಬಂದರು, ಐದನೆಯದಕ್ಕೆ ಬರಲಿಲ್ಲ. ದುಡ್ಡು ಮುಗಿದಿತ್ತು. ಕೋರ್ಟಿನ ಆವರಣದಲ್ಲಿ ಟೈಪು ಮಾಡುವಾತ, “ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಹಾಕಮ್ಮ” ಎಂದ. ಕಾಸಿಲ್ಲದೆ ವಕೀಲರನ್ನು ಕೊಡುತ್ತಾರೆಂಬುದು ಶಾಲೆ ಮೇಡಮ್ಮು ಎನ್ನಿಸಿಕೊಂಡ ನನಗೇ ಗೊತ್ತಿರಲಿಲ್ಲ. 1987ರ ಕಾಯಿದೆ ಅದು. ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ವರಮಾನ ಎಷ್ಟೆಂದು ಕೇಳದೆ ವಕೀಲರನ್ನು ಕೊಡಬೇಕು. ಬಂದಾಕೆ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಾದ ಹುಡುಗಿ. ನಾನು ಲಾಯರಮ್ಮ ಎಂದೇ ಕರೆಯುತ್ತಿದ್ದೆ, ಆಕೆ ನನ್ನನ್ನು ಆಂಟಿ ಎನ್ನುತ್ತಿದ್ದಳು. ಅವಳೆದುರು ಕೂತು ಅಷ್ಟನ್ನೂ ಹೇಳಿದೆ. ಹಂಡೆ ಒಲೆಯ ಮಾತು ಬಂದಾಗ ಪೆನ್ನು ಕೆಳಗಿಟ್ಟಳು.

“ಆಂಟಿ, ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇವೆ. ಹೊಡೆದ ಗಳಿಗೆಯಲ್ಲಿ ಅವರಿಗೆ ತಾನೇನು ಮಾಡ್ತಿದೀನಿ ಅಂತ ತಿಳಿದಿತ್ತಾ ಅನ್ನೋದು ಒಂದು. ಈಗ ಕಟಕಟೇಲಿ ನಿಂತು ತನ್ನ ಪರವಾಗಿ ಮಾತಾಡೋಷ್ಟು ತಿಳಿವಳಿಕೆ ಇದೆಯಾ ಅನ್ನೋದು ಇನ್ನೊಂದು. ಮೊದಲನೇದನ್ನ ಸಾಬೀತು ಮಾಡೋ ಭಾರ ನಮ್ಮದೇ. ಅದಕ್ಕೆ ಕಾಗದ ಬೇಕು. ನೀವು ಸುಟ್ಟಿದ್ದು ಅದನ್ನೇ.”

ಮೊದಲನೆಯ ಪ್ರಶ್ನೆಗೆ ಸಂಹಿತೆಯಲ್ಲಿ 84ನೆಯ ಕಲಮಿತ್ತು. ಅಸ್ವಸ್ಥ ಚಿತ್ತದಿಂದಾಗಿ ತನ್ನ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನು ಮಾಡಿದ್ದು ಅಪರಾಧವಲ್ಲ ಎಂದು ಅದರ ಸಾರ. ಇದರ ಬೇರು ಇಂಗ್ಲೆಂಡಿನಲ್ಲಿದೆ. 1843ರಲ್ಲಿ ಮೆಕ್‌ನಾಟನ್ ಎಂಬ ಮರಗೆಲಸದವನು, ಸರ್ಕಾರವೇ ತನ್ನ ಬೆನ್ನು ಬಿದ್ದಿದೆಯೆಂಬ ಭ್ರಮೆಯಲ್ಲಿ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಅವನನ್ನು ಗಲ್ಲಿಗೇರಿಸದೆ ಆಸ್ಪತ್ರೆಗೆ ಕಳಿಸಿದ್ದಕ್ಕೆ ದೊಡ್ಡ ಗದ್ದಲವೇ ಎದ್ದು, ಅದರಿಂದ ಈ ನಿಯಮಗಳು ಹುಟ್ಟಿದವಂತೆ. ಆಸ್ಪತ್ರೆಯವರು ಕಾಯಿಲೆ ಎಂದು ಬರೆದುಕೊಟ್ಟ ಮಾತ್ರಕ್ಕೆ ಕೋರ್ಟು ಒಪ್ಪಬೇಕಿಲ್ಲ. ಆ ಗಳಿಗೆಯ ಅರಿವನ್ನೇ ನೋಡಬೇಕು. ಆದರೆ ಕಾಯಿಲೆ ಇತ್ತೆಂಬುದಕ್ಕೇ ಕಾಗದವಿಲ್ಲದಿದ್ದರೆ ಮಾತು ಶುರುವಾಗುವುದು ಎಲ್ಲಿಂದ?

ಆಸ್ಪತ್ರೆಯಲ್ಲಿ ಹಳೆಯ ಕಡತ ಇರುತ್ತದೆ, ನಂಬರು ತನ್ನಿ ಎಂದಳು ಲಾಯರಮ್ಮ. ನಂಬರು ಯಾರಿಗೆ ನೆನಪಿದೆ? ಹೆಸರು, ವರ್ಷ ಹೇಳಿದರೆ ಹುಡುಕಬಹುದು, ಆದರೆ ಒಂದೇ ಹೆಸರಿನವರು ಎಷ್ಟು ಜನವೋ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ತಮ್ಮನಿಗೆ ಜೈಲಿಗೆ ಕೊಂಡುಹೋಗಲೆಂದು ಅಟ್ಟದ ಮೇಲಿದ್ದ ಅಮ್ಮನ ಹಳೆಯ ತಿಂಡಿ ಡಬ್ಬಿ ತೆಗೆದು ತೊಳೆಯುತ್ತಿದ್ದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಹೊಡೆದು ಕೊಡುತ್ತಾರಲ್ಲ, ಹಾಗೆ ಆ ಸ್ಟೀಲು ಡಬ್ಬಿಯ ತಳದಲ್ಲಿ ಬರೀ ಅಂಕಿಗಳಿದ್ದವು. ಅಂಗಡಿಯವನ ಲೆಕ್ಕವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಚೀಟಿ ಕಳೆದರೂ ಡಬ್ಬಿ ಕಳೆಯುವುದಿಲ್ಲವೆಂದು ಆಕೆ ಮಗನ ಆಸ್ಪತ್ರೆ ನಂಬರನ್ನು ಅದರ ಮೇಲೆ ಹೊಡೆಸಿಟ್ಟಿದ್ದಳು. ಡಬ್ಬಿಯನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋದೆ. ಕಡತ ಸಿಕ್ಕಿತು. ಮೊದಲ ಹಾಳೆಯ ಮೇಲೆ 1998 ಎಂದಿತ್ತು, ಕೆಳಗೆ ಅಮ್ಮನ ಹೆಬ್ಬೆಟ್ಟು.

ಜೈಲಿನ ಭೇಟಿಗಳನ್ನು ಹೆಚ್ಚು ಬರೆಯಲಾರೆ. “ಅಕ್ಕ, ಇಲ್ಲಿ ಗೋಡೆಯೊಳಗಿಂದ ಕರೀತಾರೆ. ಮಗ್ಗ ಇಲ್ವಲ್ಲ, ಎಲ್ಲ ಕೇಳುತ್ತೆ” ಎಂದಿದ್ದ. ಅನ್ನದ ತಟ್ಟೆ ಮೂಸಿ ತಳ್ಳುತ್ತಿದ್ದವನಿಗೆ ಕಳ್ಳತನದ ಕೇಸಿನಲ್ಲಿ ಬಂದಿದ್ದ ಒಬ್ಬ ಹುಡುಗ ತಾನು ಮೊದಲು ಒಂದು ತುತ್ತು ತಿಂದು ತೋರಿಸಿ ಊಟ ಮಾಡಿಸುತ್ತಿದ್ದನಂತೆ. ಆ ಹುಡುಗ ಯಾರೆಂದು ನನಗೆ ತಿಳಿಯಲೇ ಇಲ್ಲ.

ಇಂಥವನು ಅಲ್ಲಿ ನನ್ನ ತಮ್ಮನೊಬ್ಬನೇ ಎಂದುಕೊಂಡಿದ್ದೆ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸಿನ ವೈದ್ಯರು ಸಮೀಕ್ಷೆ ಮಾಡಿ 2011ರಲ್ಲಿ ಪುಸ್ತಕ ತಂದಿದ್ದರು. ಪರೀಕ್ಷಿಸಿದ 5,024 ಬಂದಿಗಳಲ್ಲಿ 4,002 ಜನರಿಗೆ ಒಂದೋ ಮಾನಸಿಕ ಕಾಯಿಲೆ, ಇಲ್ಲ ಕುಡಿತ ಹೊಗೆಸೊಪ್ಪು ಮೊದಲಾದ ಚಟದ ತೊಂದರೆ. ಚಟದವರನ್ನು ಬಿಟ್ಟು ಲೆಕ್ಕ ಹಾಕಿದರೂ 1,389 ಜನ, ಎಂದರೆ ನೂರಕ್ಕೆ ಇಪ್ಪತ್ತೇಳಕ್ಕಿಂತ ಹೆಚ್ಚು. ಈ ಅಂಕಿಯನ್ನು ಲಾಯರಮ್ಮ ಹೇಳಿದಾಗ ನನಗೆ ಅನ್ನಿಸಿದ್ದು, ಅಷ್ಟೂ ಜನರ ಮನೆಯಲ್ಲಿ ಯಾರೋ ಒಬ್ಬ ಹೆಂಗಸು ಠಾಣೆಯಲ್ಲಿ ‘ಇಲ್ಲ ಸಾರ್’ ಎಂದಿರಬಹುದೇ ಎಂದು.

ಕೋರ್ಟಿನಲ್ಲಿ ಸಾಹೇಬರು ತಮ್ಮನನ್ನು ಹೆಸರು ಕೇಳಿದರು. ಹೇಳಿದ. “ನಿನ್ನ ಮೇಲಿರೋ ಆರೋಪ ಗೊತ್ತಾ?” “ಗೊತ್ತು ಸ್ವಾಮಿ. ಟೀಗೆ ಬಣ್ಣ ಹಾಕ್ತಿದ್ರು. ಅದಕ್ಕೆ ದಾರ ಬಿಡಿಸಿದೆ. ನೀವೂ ನೋಡ್ಕಂಡು ಕುಡೀರಿ.” ಯಾರೋ ಹಿಂದೆ ನಕ್ಕರು. ಸಾಹೇಬರು ನಗಲಿಲ್ಲ. ಲಾಯರಮ್ಮನ ಅರ್ಜಿಯ ಮೇಲೆ ವೈದ್ಯಕೀಯ ಪರೀಕ್ಷೆಗೆ ಕಳಿಸಲು ಆದೇಶ ಮಾಡಿದರು. ವರದಿ ಬಂದ ಮೇಲೆ, ಈತ ತನ್ನ ಪರ ವಾದ ಮಾಡಿಕೊಳ್ಳುವ ಸ್ಥಿತಿಯಲ್ಲಿಲ್ಲವೆಂದು ವಿಚಾರಣೆಯನ್ನು ಮುಂದೂಡಿದರು.

ಮುಂದೂಡುವುದು ಎಂದರೆ ಬಿಡುಗಡೆ ಎಂದು ನಾನು ತಿಳಿದಿದ್ದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬುವರ ಕಥೆ ಆಮೇಲೆ ಓದಿದೆ. ಅವರನ್ನು ಹಿಡಿದದ್ದು 1951ರಲ್ಲಿ, ಇದೇ 326ನೆಯ ಕಲಮಿನಲ್ಲಿ. ಮಾನಸಿಕ ಆಸ್ಪತ್ರೆಗೆ ಕಳಿಸಿದರು. ವಿಚಾರಣೆ ನಡೆಯಲೇ ಇಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ, ಕಡತ ಎಲ್ಲೋ ಅಡಿಗೆ ಸೇರಿತು. ಹೊರಗೆ ಬಂದದ್ದು 2005ರಲ್ಲಿ, 54 ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ತಮ್ಮ ಮಾತೃಭಾಷೆಯೇ ಅವರಿಗೆ ಮರೆತಂತಾಗಿತ್ತಂತೆ. ತಪ್ಪಿತಸ್ಥರೆಂದೇ ಆಗಿ ಶಿಕ್ಷೆಯಾಗಿದ್ದರೆ ಎಂದೋ ಮನೆ ಸೇರಿರುತ್ತಿದ್ದರು.

ನಮ್ಮ ಪುಣ್ಯ, ಆ ಹೊತ್ತಿಗೆ ಕಾಯಿದೆ ಬದಲಾಗಿತ್ತು. ದಂಡ ಪ್ರಕ್ರಿಯಾ ಸಂಹಿತೆಯ 330ನೆಯ ಕಲಮಿಗೆ 2008ರಲ್ಲಿ ತಿದ್ದುಪಡಿಯಾಗಿತ್ತು. ಒಳರೋಗಿಯಾಗಿ ಸೇರಿಸಲೇಬೇಕೆಂದಿಲ್ಲದಿದ್ದರೆ, ಒಬ್ಬ ಬಂಧುವೋ ಸ್ನೇಹಿತರೋ ಮುಂದೆ ಬಂದು, ತಪ್ಪದೆ ಹೊರರೋಗಿಯಾಗಿ ಚಿಕಿತ್ಸೆ ಕೊಡಿಸುತ್ತೇನೆ, ತನಗಾಗಲಿ ಇತರರಿಗಾಗಲಿ ಕೇಡು ಮಾಡಿಕೊಳ್ಳದಂತೆ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡರೆ ಜಾಮೀನಿನ ಮೇಲೆ ಬಿಡಬಹುದು. 2013ರ ಮಾರ್ಚಿನಲ್ಲಿ ನಾನು ಮುಚ್ಚಳಿಕೆ ಬರೆದುಕೊಟ್ಟೆ. ಗುಮಾಸ್ತರು ಸಂಬಂಧ ಏನೆಂದು ಕೇಳಿ ‘ಅಕ್ಕ’ ಎಂದು ಬರೆದುಕೊಂಡರು. ಆ ಹಾಳೆ ಬರೀ ಜಾಮೀನಿನದಲ್ಲ, ತಿಂಗಳು ತಿಂಗಳೂ ಬಸ್ಸು ಹತ್ತುತ್ತೇನೆಂಬ ಭಾಷೆಯೂ ಹೌದು. ಅಮ್ಮ ಅದನ್ನು ಯಾವ ಹಾಳೆಯೂ ಇಲ್ಲದೆ ಮಾಡಿದ್ದಳು.

ತಮ್ಮ ಸುಧಾರಿಸಿಕೊಂಡ ಮೇಲೆ 2014ರಲ್ಲಿ ವಿಚಾರಣೆ ಮತ್ತೆ ಶುರುವಾಯಿತು. ವಾಯಿದೆ ಎಂದರೆ ಮುಖ್ಯವಾಗಿ ಬೆಂಚಿನ ಮೇಲೆ ಕಾಯುವುದು. ಅಲ್ಲಿ ಪರಿಚಯವಾದ ಒಬ್ಬ ತಾಯಿಯನ್ನು ನಾನು ಮರೆಯಲಾರೆ. ಅವಳ ಮಗಳಿಗೆ ಕಿವಿ ಕೇಳದು, ಮಾತು ಬಾರದು. ಆ ಹುಡುಗಿಯ ಮೇಲೆ ಅತ್ಯಾಚಾರವಾಗಿತ್ತು. ತಾಯಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: “ಮೊದಲ ದಿನ ಅವಳು ಕೈಯಾಗೆ ಹೇಳಿದ್ದನ್ನ ನಾನೇ ಹೇಳ್ದೆ ಕಣವ್ವ. ಪೂರ್ತಿ ಹೇಳಕ್ಕೆ ಬಾಯೇ ಬರಲಿಲ್ಲ. ನಾಚ್ಕೆ ಆಯ್ತು. ಅರ್ಧ ನುಂಗ್ಬಿಟ್ಟೆ. ಆಮ್ಯಾಕೆ ಕಿವುಡ್ರ ಶಾಲೆ ಮೇಡಮ್ಮು ಬಂದು, ಅವಳು ಹೇಳಿದ್ದನ್ನ ಅವಳು ಹೇಳ್ದಂಗೇ ಹೇಳಿದ್ರು.” 2013ರ ತಿದ್ದುಪಡಿಯಲ್ಲಿ ಇದಕ್ಕೆ ಅವಕಾಶವಾಗಿತ್ತು. ಅಂಥ ಹೆಣ್ಣುಮಗಳ ದೂರನ್ನು ಪೊಲೀಸರು ಅವಳ ಮನೆಯಲ್ಲಿ ಅಥವಾ ಅವಳು ಒಪ್ಪಿದ ಕಡೆ, ಸಂಜ್ಞೆ ಬಲ್ಲವರನ್ನೋ ವಿಶೇಷ ಶಿಕ್ಷಕರನ್ನೋ ಕೂರಿಸಿಕೊಂಡು, ವಿಡಿಯೋ ಮಾಡಿ ಬರೆದುಕೊಳ್ಳಬೇಕು. ತಾಯಿಗಿಂತ ಮಗಳನ್ನು ಬಲ್ಲವರು ಯಾರೆಂದು ನಾವು ಕೇಳುತ್ತೇವೆ. ಬಲ್ಲವಳೇ, ಆದರೆ ಮಾನದ ಭಯವೂ ಅವಳಿಗೇ ಇರುವುದು. ನಾನು ಚೀಟಿ ಸುಟ್ಟೆ, ಆಕೆ ಮಾತು ನುಂಗಿದಳು. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಕ್ಕುಲಿ ತಿಂದೆವು.

ಆಂಧ್ರದ, ಹುಟ್ಟಿನಿಂದ ಕಣ್ಣು ಕಾಣದ ಹೆಣ್ಣುಮಗಳೊಬ್ಬಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ, ಅವಳು ದನಿಯಿಂದ ಗುರುತಿಸಿದ್ದನ್ನು ಕಣ್ಣಿನಿಂದ ಗುರುತಿಸಿದ್ದಕ್ಕಿಂತ ಕಡಿಮೆಯೆಂದು ಎಣಿಸಬಾರದೆಂದು ಹೇಳಿತು. 2024ರ ಏಪ್ರಿಲಿನಲ್ಲಿ ಬೆಂಗಳೂರಿನ ಸಾರಾ ಸನ್ನಿ ಎಂಬ ಕಿವಿ ಕೇಳದ ವಕೀಲೆ ನಮ್ಮ ಹೈಕೋರ್ಟಿನಲ್ಲಿ ಸಂಜ್ಞೆಯಲ್ಲೇ ವಾದ ಮಾಡಿದರು. ಪತ್ರಿಕೆಯಲ್ಲಿ ಅವರ ಚಿತ್ರ ನೋಡಿದಾಗ ಆ ತಾಯಿ ಮಗಳು ಈಗೆಲ್ಲಿದ್ದಾರೋ ಎನ್ನಿಸಿತು.

ನನ್ನ ಸರದಿ ಬಂತು. ತಮ್ಮನ ಪರ ಸಾಕ್ಷಿಯಾಗಿ ಕಟಕಟೆ ಹತ್ತಿದೆ. ಸರ್ಕಾರಿ ವಕೀಲರು ಠಾಣೆಯ ಹೇಳಿಕೆಯನ್ನು ಹಿಡಿದು, “ಆವತ್ತು ಚೆನ್ನಾಗಿದ್ದ ಅಂದಿರಿ, ಇವತ್ತು ಹದಿನೈದು ವರ್ಷದ ಕಾಯಿಲೆ ಅಂತೀರಿ. ಆವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ?” ಎಂದರು. ಅವರ ಕೆಲಸ ಅವರು ಮಾಡಿದರು. “ಆವತ್ತಿಂದು ಸುಳ್ಳು ಸ್ವಾಮಿ” ಎಂದೆ. ಯಾಕೆ ಎಂದರು. ಮಗಳ ಮದುವೆ, ಹಂಡೆ ಒಲೆ, ಎಲ್ಲ ಹೇಳಿದೆ. ತುಂಬಿದ ಕೋರ್ಟಿನಲ್ಲಿ ಹೇಳಿದ್ದು ಸಂಜೆಗೆ ಬೀಗರ ಮನೆ ಮುಟ್ಟಿತು. ಬೀಗಿತ್ತಿ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಮಗಳನ್ನು ಮಾತ್ರ ಏನೂ ಅನ್ನಲಿಲ್ಲ, ಅದಕ್ಕೆ ಆಕೆಗೆ ಕೈ ಮುಗಿಯಬೇಕು.

ಆದರೆ ತಮ್ಮನನ್ನು ಉಳಿಸಿದ್ದು ನನ್ನ ಸಾಕ್ಷಿಯಲ್ಲ. ಮಗ್ಗದ ಮಾಲೀಕರದು. ಅವರು ನಮ್ಮ ವಿರುದ್ಧದ ಸಾಕ್ಷಿ. ಮುರಿದ ಕೈ ಸೇರಿಕೊಂಡಿತ್ತು, ಆದರೆ ಬೆರಳುಗಳಿಗೆ ಎಳೆ ಗಂಟು ಹಾಕುವ ಸೂಕ್ಷ್ಮ ಮತ್ತೆ ಬರಲಿಲ್ಲ. ಘಟನೆಯಾದ ವಾರ ನಾನು ಹಣ್ಣು ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ; ಅವರ ಹೆಂಡತಿ ಹೊಸಿಲಲ್ಲೇ ನಿಲ್ಲಿಸಿ, “ನಿಮಗೆ ಗೊತ್ತಿತ್ತಲ್ವಾ? ಹೇಳಬಾರದಾಗಿತ್ತಾ?” ಎಂದು ಕೇಳಿ ಬಾಗಿಲು ಹಾಕಿಕೊಂಡಿದ್ದರು. ಅವರ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಅಂಥವರ ಯಜಮಾನರು ಕಟಕಟೆಯಲ್ಲಿ ನಿಂತು, ಹೊಡೆದದ್ದು ಹೌದು ಎಂದರು. ಹೊಡೆದ ಮೇಲೆ ಓಡಿಹೋದನೇ ಎಂದು ಲಾಯರಮ್ಮ ಕೇಳಿದಳು. “ಇಲ್ಲ. ನನ್ನನ್ನ ಆಸ್ಪತ್ರೆಗೆ ಎತ್ಕಂಡು ಹೋಗೋ ಹೊತ್ತಿಗೆ ಅವನು ಮಗ್ಗದ ಹತ್ರ ಕೂತು, ತಾನೇ ಕೊಯ್ದ ಎಳೆಗಳನ್ನ ಒಂದೊಂದಾಗಿ ಗಂಟು ಹಾಕ್ತಿದ್ದ. ನನಗೇ ‘ಅಣ್ಣ, ಇದು ಯಾರು ಕಡಿದಿದ್ದು?’ ಅಂತ ಕೇಳಿದ” ಎಂದರು. ಕೇಳದಿದ್ದರೆ ಹೇಳಬೇಕಾಗಿಯೂ ಇರಲಿಲ್ಲ.

2017ರಲ್ಲಿ ತೀರ್ಪಾಯಿತು. ಕೃತ್ಯ ಮಾಡಿದ್ದು ನಿಜ, ಆದರೆ ಆ ಗಳಿಗೆಯಲ್ಲಿ ಅರಿವಿರಲಿಲ್ಲ, ಆದ್ದರಿಂದ ಅಪರಾಧವಲ್ಲ ಎಂದಾಯಿತು. ಹಾಗೆಂದು ಸುಮ್ಮನೆ ಮನೆಗೆ ಹೋಗು ಎನ್ನುವುದಿಲ್ಲ. ಒಂದೋ ಆಸ್ಪತ್ರೆಯ ಸುಪರ್ದು, ಇಲ್ಲ ಬಂಧುವಿನ ಸುಪರ್ದು. ಮತ್ತೊಂದು ಮುಚ್ಚಳಿಕೆ, ಮತ್ತೆ ‘ಅಕ್ಕ’.

ಅದೇ ವರ್ಷ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದು ಮರುವರ್ಷ ಜಾರಿಯಾಯಿತು. ತನ್ನ ಚಿಕಿತ್ಸೆಯ ದಾಖಲೆಯನ್ನು ಪಡೆಯುವುದು ಅದರಲ್ಲಿ ರೋಗಿಯ ಹಕ್ಕು. ಉಚಿತ ವಕೀಲರು ಸಿಗುತ್ತಾರೆಂದು ಪೊಲೀಸ್ ಅಧಿಕಾರಿ, ಮ್ಯಾಜಿಸ್ಟ್ರೇಟರು, ಜೈಲಿನ ಮುಖ್ಯಸ್ಥರು ತಾವಾಗಿಯೇ ತಿಳಿಸಬೇಕೆಂದೂ ಇದೆ. ಟೈಪು ಮಾಡುವಾತ ಹೇಳಲೆಂದು ಕಾಯಬೇಕಿಲ್ಲ. 2024ರ ಜುಲೈ 1ರಿಂದ ಹಳೆಯ ಸಂಹಿತೆಗಳೂ ಹೋದವು. 84 ಇದ್ದದ್ದು ಭಾರತೀಯ ನ್ಯಾಯ ಸಂಹಿತೆಯಲ್ಲಿ 22 ಆಗಿದೆ, ಬಂಧುವಿನ ಮುಚ್ಚಳಿಕೆಯ ಕಲಂ ಹೊಸ ಪ್ರಕ್ರಿಯಾ ಸಂಹಿತೆಯಲ್ಲಿ ಬೇರೆ ನಂಬರಿನಡಿ ಉಳಿದುಕೊಂಡಿದೆ.

ತಮ್ಮ ಈಗ ಮನೆಯಲ್ಲೇ ಕಂಡಿಕೆ ಸುತ್ತುತ್ತಾನೆ. ಶೆಡ್ಡಿಗೆ ಹೋಗಲು ಅವನಿಗೂ ಇಷ್ಟವಿಲ್ಲ, ಅಲ್ಲಿಯವರಿಗೂ ಇಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತುತ್ತೇವೆ. ಚೀಟಿಗಳು ಬೀರುವಿನಲ್ಲಿ, ರೇಷನ್ ಕಾರ್ಡಿನ ಪಕ್ಕದಲ್ಲೇ ಇವೆ. ನನಗೆ ಅರವತ್ತು ದಾಟಿತು, ಮಂಡಿ ನೋವು. ಹೋದ ದೀಪಾವಳಿಗೆ ಮಗಳು ಅಳಿಯ ಬಂದಿದ್ದಾಗ, ನನ್ನ ತರುವಾಯ ಇವನನ್ನು ಯಾರು ಬರೆಸಿಕೊಳ್ಳುತ್ತಾರೋ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಅಳಿಯ ಟೀವಿ ನೋಡುತ್ತಿದ್ದವನು ನೋಡುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಮಗಳು ಅಡಿಗೆಮನೆಗೆ ಬಂದು, ಡಬ್ಬಿ ಎಲ್ಲಿದೆಯಮ್ಮ ಎಂದಳು. ತೆಗೆದುಕೊಟ್ಟೆ. ಅದನ್ನು ಬೋರಲು ಮಾಡಿ, ಬೆಳಕಿಗೆ ಹಿಡಿದು, ಒಂದೊಂದೇ ಅಂಕಿ ಓದಿಕೊಳ್ಳುತ್ತ ತನ್ನ ಮೊಬೈಲಿನಲ್ಲಿ ‘ಮಾವ’ ಎಂದು ಬರೆದು ಸೇರಿಸಿಕೊಂಡಳು.